ಕಸಿಚಾಕುವಿನ ಕೀಲು

ಕಾವ್ಯಕ್ಕೆ, ನಾಟಕಕ್ಕೆ, ಗಾಯನಕ್ಕೆ ಹೇರಳವಾಗಿ ವಿಮರ್ಶಕರನ್ನು ಒದಗಿಸಿರುವ ಹುಬ್ಬಳ್ಳಿ-ಧಾರವಾಡಗಳ ಈ ಸೀಮೆಯಲ್ಲಿ, ಪೇರಲ ಮಾರುವವಳ ಬುಟ್ಟಿಯಿಂದ ಹಿಡಿದು ರೈಲ್ವೆ ಕಾರ್ಖಾನೆಯ ಫಿಟ್ಟರನ ಕಿಸೆಯವರೆಗೆ ಎಲ್ಲೆಲ್ಲಿಯೂ ವಾಸಮಾಡಿಕೊಂಡಿರುವ ಮಡಿಚುವ ಚಾಕುವಿನ ಗುಣದೋಷಗಳನ್ನು ಕುರಿತು ಯಾರೂ ಗಂಭೀರವಾಗಿ ವಿಚಾರಮಾಡಿದಂತೆ ಕಾಣುವುದಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ವಿಮರ್ಶೆಗೆ ಒಂದು ವಸ್ತು ಯೋಗ್ಯವಾಗಬೇಕಾದರೆ ಅದು ಅಪರೂಪದ್ದಾಗಿರಬೇಕು, ಇಲ್ಲವೆ ಬೆಲೆಯುಳ್ಳದ್ದಾಗಿರಬೇಕು ಎಂಬ ಭ್ರಾಂತಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅಲ್ಪ ಬೆಲೆಗೆ ಸಿಕ್ಕುವ, ಕಳೆದುಹೋದರೆ ಅರ್ಧ ದಿನ ಹುಡುಕಿ ಮರೆತುಬಿಡಬಹುದಾದ ಒಂದು ಸಲಕರಣೆಯ ವಿಷಯದಲ್ಲಿ ಶ್ಲಾಘನೆ-ಖಂಡನೆಗಳ ಭಾಷೆಯನ್ನು ಬಳಸುವುದು ಪಂಡಿತರಿಗೆ ಗೌರವಕ್ಕೆ ಕಡಮೆಯೆಂದು ತೋರುತ್ತದೆ. ನನಗೆ ಹಾಗೆ ತೋರುವುದಿಲ್ಲ. ಒಂದು ಕೀಲು, ಒಂದು ಸ್ಪ್ರಿಂಗು, ಒಂದು ಅಲಗು ಇಷ್ಟರಲ್ಲಿಯೇ ಮುಗಿದುಹೋಗುವ ಈ ಪುಟ್ಟ ಯಂತ್ರವು ತನ್ನ ಚಲನೆಯೊಂದರಿಂದಲೇ ಮಾಡಿದವನ ಶ್ರದ್ಧೆಯನ್ನೂ ಇಟ್ಟುಕೊಂಡವನ ಆಲಸ್ಯವನ್ನೂ ಹೊರಗೆಡಹುತ್ತದಾದುದರಿಂದ, ಪರೀಕ್ಷೆಗೆ ಇದಕ್ಕಿಂತ ಪ್ರಾಮಾಣಿಕವಾದ ವಸ್ತು ದುರ್ಲಭವೆಂದೇ ನನ್ನ ಅಭಿಪ್ರಾಯ.

ಮಡಿಚುವ ಚಾಕುಗಳಲ್ಲಿ ಜಾತಿಗಳು ಹಲವು. ಅವುಗಳೊಳಗೆ ನಾನು ವಿಚಾರಕ್ಕೆ ಎತ್ತಿಕೊಳ್ಳುವುದು ಮುಖ್ಯವಾಗಿ ಕಸಿಚಾಕುವನ್ನು. ಏಕೆಂದರೆ ಚಾಕು ಸಲೀಸಾಗಿ ತೆರೆಯಬೇಕೆಂಬುದು ಉಳಿದವರ ಪಾಲಿಗೆ ಒಂದು ಸುಖವಾಗಿದ್ದರೆ, ಕಸಿಗಾರನ ಪಾಲಿಗೆ ಅದು ವೃತ್ತಿಯ ಅವಶ್ಯಕತೆ. ಧಾರವಾಡ ಜಿಲ್ಲೆಯ ಪೂರ್ವಭಾಗ ನವಲಗುಂದದ ಕಡೆಗೆ ಹಬ್ಬಿದ ಎರೆಭೂಮಿ. ಪಶ್ಚಿಮಭಾಗ ಮಲೆನಾಡಿನ ಸೆರಗಿಗೆ ಹತ್ತಿಕೊಂಡಿರುವ ಮಸಾರಿ. ಈ ಮಸಾರಿಯ ಮೇಲೆಯೇ ನಮ್ಮ ಆಪೂಸ್ ಮಾವಿನ ತೋಪುಗಳು ನಿಂತಿರುವುದು. ಎರಡು ಪಟ್ಟಣಗಳ ನಡುವಿನ ನವಲೂರಿನ ಪೇರಲದ ಕೀರ್ತಿಯನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆಪೂಸಿನ ಗೊರಟೆಯನ್ನು ಬಿತ್ತಿದರೆ ಆಪೂಸು ಹುಟ್ಟುವುದೆಂಬ ಭರವಸೆಯಿಲ್ಲ; ತಾಯಿಮರದ ರೆಂಬೆಯನ್ನೇ ತಂದು ಬೇರೊಂದು ಸಸಿಗೆ ಕೂಡಿಸಬೇಕು. ಪೇರಲಕ್ಕಾದರೆ ಟೊಂಗೆಯ ತೊಗಟೆಯನ್ನು ಉಂಗುರದಾಕಾರದಲ್ಲಿ ಬಿಡಿಸಿ ಗೂಟಿ ಕಟ್ಟುವ ಪದ್ಧತಿಯುಂಟು. ಎರಡಕ್ಕೂ ಚಾಕುವೇ ಬೇಕು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ, ಮುಂಗಾರಿನ ತಂಪು ಗಾಳಿಯಲ್ಲಿ ಸಸಿಮಡಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೆಲಸಮಾಡುವವನ ಬೆರಳುಗಳು ಒದ್ದೆಯಾಗಿರುತ್ತವೆ, ಸೊನೆ ಹತ್ತಿ ಅಂಟಂಟಾಗಿರುತ್ತವೆ. ಒಂದು ಕೈ ಸಸಿಯನ್ನು ಹಿಡಿದಿರುತ್ತದೆ. ಅಂಥ ಹೊತ್ತಿನಲ್ಲಿ ಅಲಗು ಹೊರಬಾರದೆ ಹಟ ಹಿಡಿದರೆ ಉಗುರು ಮುರಿಯುವುದು ಒಂದು ನಷ್ಟ. ಆಗಲೇ ಕತ್ತರಿಸಿಟ್ಟ ಕಸಿಕಡ್ಡಿಯ ಗಾಯ ಗಾಳಿಗೆ ಒಣಗುತ್ತ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ.

ಚಾಕುವಿನ ರಚನೆಯನ್ನು ಮೊದಲು ನೋಡಿಬಿಡೋಣ. ಹಿಡಿಯೊಳಗೆ ಎರಡು ಬದಿಗೂ ಹಿತ್ತಾಳೆಯ ತಗಡುಗಳಿರುತ್ತವೆ. ಅವುಗಳ ನಡುವೆ ಬೆನ್ನಿನುದ್ದಕ್ಕೂ ಮಲಗಿರುವ ಉಕ್ಕಿನ ಪಟ್ಟಿಯೇ ಸ್ಪ್ರಿಂಗು. ಮುಂತುದಿಯಲ್ಲಿ ತಗಡುಗಳನ್ನೂ ಅಲಗಿನ ಬುಡವನ್ನೂ ಹಾಯ್ದುಹೋಗುವ ರಿವೆಟ್ಟೇ ಕೀಲು. ಅಲಗಿನ ಬುಡ ಹೆಚ್ಚುಕಡಮೆ ಚೌಕವಾಗಿದ್ದು ಅದರ ಮೂಲೆಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿರುತ್ತಾರೆ. ಚಾಕು ಮುಚ್ಚಿರುವಾಗ ಚೌಕದ ಒಂದು ಮಗ್ಗುಲು ಸ್ಪ್ರಿಂಗಿಗೆ ಆತುಕೊಂಡಿರುತ್ತದೆ, ಪೂರ್ತಿಯಾಗಿ ತೆರೆದಾಗ ಇನ್ನೊಂದು ಮಗ್ಗುಲು. ಈ ಎರಡು ನಿಲುಗಡೆಗಳ ನಡುವೆ ದುಂಡಗಿನ ಮೂಲೆಯು ಸ್ಪ್ರಿಂಗನ್ನು ಮೇಲಕ್ಕೆತ್ತುತ್ತ, ಅದರ ಹೊಟ್ಟೆಯ ಮೇಲೆ ಜಾರುತ್ತ ಸಾಗುತ್ತದೆ. ಇಲ್ಲಿ ಬೀಗವೆಂಬುದಿಲ್ಲ. ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುವ ಶಕ್ತಿ ಯಾವುದೋ, ಅದನ್ನು ತೆರೆಯುವಾಗ ಬೆರಳಿಗೆ ಅಡ್ಡಿಮಾಡುವ ಶಕ್ತಿಯೂ ಅದೇ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಅಂಗಡಿಯ ಹೊಗಳಿಕೆಗಳ ಮೇಲೆ ನಂಬಿಕೆ ತಾನಾಗಿ ಕುಗ್ಗುತ್ತದೆ. ತೆರೆಯಲು ಏನೂ ಶ್ರಮವಿಲ್ಲದ ಸ್ಪ್ರಿಂಗುಚಾಕು, ತೆರೆದ ಮೇಲೆ ಏನೂ ಆಧಾರವಿಲ್ಲದ ಚಾಕುವೂ ಆಗಿರಲೇಬೇಕು. ಗಟ್ಟಿಯಾದ ಕಡ್ಡಿಯೊಳಗೆ ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಸೆಳೆಯುವಾಗ ಅದು ಬೆರಳ ಮೇಲೆಯೇ ಮಡಿಚಿಕೊಂಡೀತು.

ಹಾಗಾದರೆ ಸಲೀಸಾದ ನಡೆಯೆಂದರೆ ಯಾವುದು? ಅಲಗು ಮನೆಯಿಂದ ಹೊರಡುವಾಗ ಉಗುರಿಗೆ ಒಂದು ಸ್ಪಷ್ಟವಾದ ವಿರೋಧ ತಿಳಿಯಬೇಕು. ಹೊರಟ ಮೇಲೆ ಆ ವಿರೋಧ ಏರುಪೇರಿಲ್ಲದೆ, ಕರಕರ ಸದ್ದಿಲ್ಲದೆ, ಒಂದೇ ಪ್ರಮಾಣದಲ್ಲಿ ಬೆರಳಿನೊಡನೆ ಬರಬೇಕು. ಕಟ್ಟಕಡೆಯ ಘಟ್ಟದಲ್ಲಿ ಸ್ಪ್ರಿಂಗು ತಾನೇ ಮುಂದಾಗಿ ಅಲಗನ್ನು ಎಳೆದುಕೊಂಡು 'ಟಕ್' ಎಂದು ನಿಲ್ಲಿಸಬೇಕು. ಮುಚ್ಚುವಾಗಲೂ ಇದೇ ಮೂರು ಘಟ್ಟಗಳು ವಿಲೋಮವಾಗಿ ನಡೆಯತಕ್ಕದ್ದು. ಕೊಳ್ಳುವವರು ಸಾಮಾನ್ಯವಾಗಿ ತೆರೆದು ನೋಡುತ್ತಾರೆಯೇ ಹೊರತು ಮುಚ್ಚಿ ನೋಡುವುದಿಲ್ಲ. ಚಾಕುವಿನ ಕುಲಶೀಲಗಳು ಪ್ರಕಟವಾಗುವುದು ಮಾತ್ರ ಮುಚ್ಚುವಾಗಲೇ: ಅಲಗು ಎರಡು ತಗಡುಗಳ ನಟ್ಟನಡುವೆ ಬಂದು ಕೂರುತ್ತದೆಯೋ ಅಥವಾ ಒಂದು ಬದಿಯ ತಗಡನ್ನು ಕೆರೆಯುತ್ತ ಇಳಿಯುತ್ತದೆಯೋ, ಮೊನೆ ಹಿಡಿಯೊಳಗೆ ಪೂರ್ತಿಯಾಗಿ ಅಡಗುತ್ತದೆಯೋ ಅಥವಾ ಕಿಸೆಯ ಬಟ್ಟೆಯನ್ನು ಕಾಯುತ್ತ ಅಷ್ಟು ಹೊರಗೆ ಇಣುಕುತ್ತದೆಯೋ, ಅಂಚು ಸ್ಪ್ರಿಂಗಿಗೆ ಬಡಿದು ತನ್ನ ಹರಿತವನ್ನು ತಾನೇ ಕೊಂದುಕೊಳ್ಳುತ್ತದೆಯೋ, ಇವೆಲ್ಲ ಆಗ ಗೊತ್ತಾಗುತ್ತವೆ. ತೆರೆದ ಅಲಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡಲಾಗಿ ಅಲುಗಿಸಿದಾಗ ಕೀಲಿನಲ್ಲಿ ಅಲುಗಾಟ ಕಂಡರೆ ಅಂಥದನ್ನು ಕೆಳಗಿಡುವುದು ಲೇಸು. ದುರ್ಗದಬೈಲಿನ ಬಯಲಂಗಡಿಗಳಲ್ಲಿ ಕೀಲಿಕೈ ಗೊಂಚಲುಗಳ ಜೊತೆಗೆ ತೂಗಾಡುವ ಮಿರಿಮಿರಿ ಚಾಕುಗಳು ಬಹಳ ಸುಲಭವಾಗಿ ತೆರೆಯುತ್ತವೆಂದು ಮೆಚ್ಚಿಕೊಳ್ಳುವವರನ್ನು ನೋಡಿದ್ದೇನೆ. ಅವುಗಳಲ್ಲಿ ಅನೇಕವು ಹಾಗೆ ತೆರೆಯುವುದು ರಿವೆಟ್ಟನ್ನು ಬಿಗಿಯಾಗಿ ಬಡಿಯದೆ ಬಿಟ್ಟಿರುವುದರಿಂದ.

ಇಷ್ಟು ನಡೆಯ ಮಾತು. ಅಲಗಿನ ವಿಷಯದಲ್ಲಿ ಕಸಿಚಾಕು ಉಳಿದೆಲ್ಲ ಚಾಕುಗಳಿಂದ ಒಂದು ಮೂಲಭೂತವಾದ ಅಂಶದಲ್ಲಿ ಭಿನ್ನವಾಗಿದೆ: ನಿಜವಾದ ಕಸಿಯಲಗಿಗೆ ಇಳಿಜಾರು ಒಂದೇ ಬದಿಗೆ, ಇನ್ನೊಂದು ಬದಿ ಸಪಾಟು. ಇದರ ಮರ್ಮವನ್ನು ತಿಳಿಯಬೇಕಾದರೆ ಮೃದುಕಾಂಡ ಕಸಿಯ ಕ್ರಮವನ್ನು ನೋಡಬೇಕು. ಆರಿಸಿಕೊಂಡ ರೆಂಬೆಯ ಎಲೆಗಳನ್ನು ತೊಟ್ಟು ಮಾತ್ರ ಉಳಿಯುವಂತೆ ವಾರ ಹತ್ತು ದಿನ ಮೊದಲೇ ಕತ್ತರಿಸಿಬಿಟ್ಟಿರುತ್ತಾರೆ. ಅದರ ಕಣ್ಣು ಉಬ್ಬಿ ಒಡೆಯುವ ಹವಣಿನಲ್ಲಿರುವಾಗ ರೆಂಬೆಯನ್ನು ತೆಗೆದುತರುತ್ತಾರೆ. ಇತ್ತ ಬೇರುಸಸಿಯ ನೆತ್ತಿಯಲ್ಲಿ ತಾಮ್ರವರ್ಣದ ಹೊಸ ಚಿಗುರು ಬಂದಿರಬೇಕು. ಆ ಚಿಗುರುಗಾಂಡದ ತಲೆಯನ್ನು ಸವರಿ ನಡುವೆ ಮೂರು ನಾಲ್ಕು ಸೆಂಟಿಮೀಟರು ಸೀಳಿ, ಅಷ್ಟೇ ಉದ್ದಕ್ಕೆ ಬೆಣೆಯಾಗಿ ಕೊರೆದ ಕಸಿಕಡ್ಡಿಯನ್ನು ಅದರೊಳಗೆ ಇಳಿಸಿ ಪಾಲಿಥೀನ್ ಪಟ್ಟಿಯಿಂದ ಬಿಗಿಯುತ್ತಾರೆ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ, ಬರಿಗಣ್ಣಿಗೆ ಹಸಿರು ಗೆರೆಯಂತೆ ಮಾತ್ರ ಕಾಣುವ ಕೇಂಬಿಯಂ ಪದರವು ಎರಡೂ ಕಡೆಯಿಂದ ಒಂದಕ್ಕೊಂದು ತಾಗಿದರಷ್ಟೇ ಬೆಸುಗೆ. ಬೆಣೆಯ ಎರಡು ಮುಖಗಳು ಕನ್ನಡಿಯಷ್ಟು ಸಮತಟ್ಟಾಗಿರಬೇಕೆಂಬ ನಿಯಮ ಹುಟ್ಟಿರುವುದು ಇಲ್ಲಿಂದ. ಸಪಾಟು ಬದಿಯನ್ನು ಕಡ್ಡಿಗೆ ಒರಗಿಸಿ ಎಳೆದ ಅಲಗು ನೇರವಾಗಿ ಸಾಗಿ ಅಂಥ ಮುಖವನ್ನು ಒಂದೇ ಎಳೆತಕ್ಕೆ ಕೊಡುತ್ತದೆ; ಎರಡು ಬದಿಗೂ ಇಳಿಜಾರುಳ್ಳ ಅಡಿಗೆಮನೆಯ ಅಲಗು ತಾನೇ ದಾರಿ ಹುಡುಕುತ್ತ ಹೋಗಿ ಮಧ್ಯದಲ್ಲಿ ತಗ್ಗು ತೋಡಿ, ಬೆಣೆ ಸೀಳಿನೊಳಗೆ ಅಲ್ಲಾಡುವಂತೆ ಮಾಡುತ್ತದೆ. ಮೊಂಡಾದ ಅಲಗಂತೂ ಜೀವಕೋಶಗಳನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಕಸಿ ಹತ್ತಲಿಲ್ಲವೆಂದು ಹವೆಯನ್ನೂ ಗೊಬ್ಬರವನ್ನೂ ಹಣೆಬರಹವನ್ನೂ ದೂರುವವರು ಒಮ್ಮೆ ತಮ್ಮ ಚಾಕುವಿನ ಮುಖವನ್ನೂ ನೋಡಿಕೊಳ್ಳಬಹುದು. (ಎಡಗೈ ಬಳಸುವವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು: ಅಂಗಡಿಯಲ್ಲಿ ಸಿಕ್ಕುವ ಒಂದಿಳಿಜಾರಿನ ಅಲಗುಗಳು ಸಾಮಾನ್ಯವಾಗಿ ಬಲಗೈಯವರಿಗಾಗಿ ಮಸೆದವು.)

ಈಗ ಪಾಲನೆಯ ವಿಚಾರ. ನಮ್ಮ ಜನಕ್ಕೆ ಚಾಕುವಿನ ಪಾಲನೆಯೆಂದರೆ ಎಣ್ಣೆ ಹಾಕುವುದು ಎಂದಷ್ಟೇ ಅರ್ಥ. ತೋಪಿನಲ್ಲಿ ಒಬ್ಬ ಹಳೆಯ ಕಸಿಗಾರ, ಬಿಗಿದುಕೊಂಡ ಕೀಲಿಗೆ ಎಣ್ಣೆ ಬಿಡಹೊರಟ ಹುಡುಗನನ್ನು ತಡೆದು, "ತಮ್ಮಾ, ಎಣ್ಣಿ ಆಮ್ಯಾಲೆ ಹಾಕೂವಂತಿ, ಮೊದಲ ಹೊಲಸು ತಗಿ" ಎಂದು ಹೇಳಿದ್ದನ್ನು ಕೇಳಿದ್ದೇನೆ. ಈ ವಿಷಯದಲ್ಲಿ ಅದಕ್ಕಿಂತ ಸಾರವತ್ತಾದ ಉಪದೇಶವಿಲ್ಲ. ಕೀಲನ್ನು ಬಿಗಿಯುವ ಶತ್ರುಗಳು ಇಲ್ಲಿ ಮೂರು: ಮಾವಿನ ಸೊನೆ, ಎರೆಯ ಧೂಳು, ತುಕ್ಕು. ಸೊನೆ ಒಣಗಿದರೆ ಗೋಂದಿನಂತಹ ಪೊರೆಯಾಗಿ ಅಲಗಿನ ಬುಡಕ್ಕೂ ತಗಡಿಗೂ ನಡುವೆ ಕೂರುತ್ತದೆ. ಎರೆಯ ಧೂಳು ಅತ್ಯಂತ ನುಣುಪಾದುದು. ನೀರು ತಾಗಿದರೆ ಉಬ್ಬುವ ಜೇಡಿಯಾದುದರಿಂದ ಕೀಲಿನೊಳಗೆ ಒಮ್ಮೆ ಹೊಕ್ಕರೆ ಮಳೆಗಾಲದಲ್ಲಿ ತನ್ನ ಇರವನ್ನು ಚೆನ್ನಾಗಿಯೇ ತಿಳಿಸುತ್ತದೆ. ಇವುಗಳ ಮೇಲೆ ಎಣ್ಣೆ ಸುರಿದರೆ ಮೂರೂ ಕೂಡಿ ಅರೆಯುವ ಸರಿಯಾಗುತ್ತದೆ, ಅದು ರಿವೆಟ್ಟಿನ ತೂತನ್ನೇ ಸವೆಸಿ ಸಡಿಲಿಸುತ್ತದೆ. ಆದುದರಿಂದ ಬಿಸಿನೀರಿನಲ್ಲಿ ಒಂದಿಷ್ಟು ಸಾಬೂನು ಕದಡಿ, ಚಾಕುವನ್ನು ಅದರೊಳಗೇ ಹಲವು ಸಲ ತೆರೆದು ಮುಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸ್ಪ್ರಿಂಗಿನ ಹೊಟ್ಟೆಯನ್ನೂ ಹಿಡಿಯ ಸಂದನ್ನೂ ತಿಕ್ಕಿ, ಕೂಡಲೇ ಒರೆಸಿ ಬಿಸಿಲಿಗೆ ಇಡುವುದು ಮೊದಲ ಕೆಲಸ. ಸೊನೆ ಹಳೆಯದಾಗಿದ್ದರೆ ಚಿಮಣಿ ಎಣ್ಣೆ ಬೇಕಾಗುತ್ತದೆ. ಈಗ ಅದು ಸಿಕ್ಕುವುದು ಕಷ್ಟವಾದುದರಿಂದ ಔಷಧದಂಗಡಿಯ ಸ್ಪಿರಿಟ್ಟು ಆದೀತು. ರೋಗ ಹರಡದಿರಲೆಂದು ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ಟಿನಿಂದ ಒರೆಸುವ ಒಳ್ಳೆಯ ಅಭ್ಯಾಸವುಳ್ಳವರು, ಆ ಸ್ಪಿರಿಟ್ಟೇ ಕೀಲಿನ ಎಣ್ಣೆಯನ್ನು ತೊಳೆದುಬಿಡುತ್ತದೆಂಬುದನ್ನು ನೆನಪಿನಲ್ಲಿಡಬೇಕು.

ಇಂಗಾಲದ ಉಕ್ಕಿನ ಅಲಗು ಮಾವು ಪೇರಲಗಳ ಸಂಗದಲ್ಲಿ ಕಪ್ಪಾಗುವುದನ್ನು ಕಂಡು ಗಾಬರಿಯಾಗುವವರುಂಟು. ಗಿಡದ ಒಗರು ಕಬ್ಬಿಣದೊಡನೆ ಕೂಡಿ ಆಗುವ ಬಣ್ಣ ಅದು; ನಮ್ಮ ಹಿರಿಯರು ಅಳಲೆಕಾಯಿಯನ್ನೂ ಅನ್ನಭೇದಿಯನ್ನೂ ಕೂಡಿಸಿ ಶಾಯಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಬೂದಿನೀಲಿ ಕಪ್ಪಾಗಿ ಅಲಗಿಗೆ ಗಟ್ಟಿಯಾಗಿ ಅಂಟಿಕೊಂಡಿರುವ ಈ ಪೊರೆಯಿಂದ ಹಾನಿಯಿಲ್ಲ, ಅಷ್ಟಿಷ್ಟು ರಕ್ಷಣೆಯೇ ಉಂಟು. ಕೆಂಪಗೆ ಪುಡಿಪುಡಿಯಾಗಿ ಉದುರುವುದೇ ತುಕ್ಕು. ಮೊದಲನೆಯದನ್ನು ಮರಳುಕಾಗದದಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುವವರು ಅಲಗನ್ನು ಸವೆಸುತ್ತಾರೆ, ಅಂದವನ್ನೂ ಹೆಚ್ಚಿಸುವುದಿಲ್ಲ. ಬಳಸಿ ಬಳಸಿ ಬಣ್ಣ ತಿರುಗಿದ ಅಲಗು ಹೊಸ ಅಲಗಿಗಿಂತ ಚೆಲುವಾದುದೆಂದು ನಾನು ತಿಳಿದಿದ್ದೇನೆ. ಇದರಲ್ಲಿ ರುಚಿಭೇದಕ್ಕೆ ಅವಕಾಶವಿದೆ.

ಎಣ್ಣೆಯ ವಿಷಯದಲ್ಲಿ ಮಾತ್ರ ರುಚಿಭೇದಕ್ಕೆ ಅವಕಾಶವಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೈಗೆ ಮೊದಲು ಸಿಕ್ಕುವುದು ಕುಸುಬಿ ಎಣ್ಣೆ, ಇಲ್ಲವೆ ಶೇಂಗಾ ಎಣ್ಣೆ. ಮನೆಯ ಕೀಲುಗಳಿಗೆಲ್ಲ ಅದನ್ನೇ ಬಿಡುವುದು ರೂಢಿ. ಕುಸುಬಿಯದು ಗಾಳಿ ತಾಗಿ ಒಣಗುವ ಎಣ್ಣೆ, ಬಣ್ಣಗಳ ತಯಾರಿಕೆಗೆ ಅದನ್ನು ಬಳಸುವುದು ಈ ಗುಣದಿಂದಲೇ. ಕೀಲಿನೊಳಗೆ ಅದು ಮೊದಲ ವಾರ ಬಹಳ ಸೊಗಸಾಗಿ ಕೆಲಸಮಾಡಿ, ಕ್ರಮೇಣ ಅಂಟಾಗಿ, ಕಡೆಗೆ ವಾರ್ನಿಶ್ಶಿನಂತಹ ಪದರವಾಗುತ್ತದೆ. ಒಡೆಯ ಚಾಕು ಬಿಗಿಯಾಯಿತೆಂದು ಮತ್ತಷ್ಟು ಕುಸುಬಿ ಎಣ್ಣೆ ಬಿಡುತ್ತಾನೆ, ರೋಗ ಔಷಧದಿಂದಲೇ ಬೆಳೆಯುತ್ತದೆ. ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದಾದುದರಿಂದ ಧಾರವಾಡದ ಮಾಗಿಯ ಬೆಳಗಿನಲ್ಲಿ ಅದರಿಂದ ಏನನ್ನು ನಿರೀಕ್ಷಿಸಬಹುದೆಂಬುದು ಸ್ಪಷ್ಟ. ಇನ್ನು ಔಡಲ ಎಣ್ಣೆ. ಚಕ್ಕಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ದಪ್ಪಗಿದ್ದಷ್ಟೂ ಒಳ್ಳೆಯದು, ಏಕೆಂದರೆ ಅಲ್ಲಿ ಹೇರು ದೊಡ್ಡದು, ಸಂದು ಅಗಲ. ಚಾಕುವಿನ ಕೀಲಿನಲ್ಲಿ ಹೇರೆಂಬುದೇ ಇಲ್ಲ, ಸಂದು ಕಾಗದದಷ್ಟು, ಅಲ್ಲಿಗೆ ಆ ದಪ್ಪ ಎಣ್ಣೆ ಇಳಿಯುವುದೂ ಇಲ್ಲ, ಇಳಿದರೆ ಧೂಳನ್ನು ಹಿಡಿದಿಟ್ಟುಕೊಳ್ಳುವುದೊಂದೇ ಅದರ ಉದ್ಯೋಗ. ಬೇಕಾದುದು ಹೊಲಿಗೆ ಯಂತ್ರದ ತೆಳ್ಳನೆಯ ಖನಿಜ ತೈಲ. ಅದೂ ಒಂದು ಹನಿ, ಸೂಜಿಯ ಮೊನೆಯಿಂದ ಕೀಲಿನ ಎರಡು ಬದಿಗೆ. ಐದಾರು ಸಲ ತೆರೆದು ಮುಚ್ಚಿ, ಹೊರಬಂದುದನ್ನು ಒರೆಸಿಬಿಡತಕ್ಕದ್ದು. ಒರೆಸಿದ ಬಟ್ಟೆ ಕಪ್ಪಾಗಿದ್ದರೆ ತೊಳೆಯುವ ಕೆಲಸ ಇನ್ನೂ ಮುಗಿದಿಲ್ಲವೆಂದು ತಿಳಿಯಬೇಕು. ಒಣಗುವ ಎಣ್ಣೆಗಳಿಗೆ ಚಾಕುವಿನಲ್ಲಿ ಸ್ಥಾನವೇ ಇಲ್ಲವೆಂದಲ್ಲ: ಹಿಡಿ ಮರದ್ದಾಗಿದ್ದರೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ತಿಕ್ಕಿ ಒಣಗಿಸಿದಾಗ, ಕೀಲಿನಲ್ಲಿ ದೋಷವಾಗಿದ್ದ ಗುಣವೇ ಮರದ ಮೇಲೆ ಮಳೆಗೆ ಅಡ್ಡಿಯಾದ ಕವಚವಾಗುತ್ತದೆ.

ಪಾಲನೆಯ ಪ್ರಸ್ತಾಪದಲ್ಲಿ ಖಂಡೇನವಮಿಯನ್ನು ಬಿಟ್ಟರೆ ಲೇಖನ ಅಪೂರ್ಣವಾದೀತು. ವರ್ಷಕ್ಕೊಮ್ಮೆಯಾದರೂ ಸಲಕರಣೆಗಳನ್ನು ಹೊರತೆಗೆದು, ತೊಳೆದು, ಸಾಲಾಗಿ ಇಟ್ಟು ಪೂಜಿಸುವ ಈ ಪದ್ಧತಿಗಿಂತ ಉದಾತ್ತವಾದ ಪಾಲನಾಕ್ರಮ ಬೇರೆ ದೇಶಗಳ ಕಸಬುದಾರರಲ್ಲಿ ಇದೆಯೋ ಇಲ್ಲವೋ ಕಾಣೆ. ಆದರೆ ತೊಳೆದ ಚಾಕುವನ್ನು ಒದ್ದೆಯಾಗಿಯೇ ಇಟ್ಟು, ನೀರಲ್ಲಿ ಕಲಸಿದ ಕುಂಕುಮವನ್ನೂ ಅರಿಷಿಣವನ್ನೂ ಅಲಗಿನ ಮೇಲೆ ಬೊಟ್ಟಿಟ್ಟು, ನಿಂಬೆಹಣ್ಣನ್ನು ಅದರಿಂದಲೇ ಹೆಚ್ಚಿ, ಮರುದಿನ ಬನ್ನಿ ಹಂಚುವವರೆಗೂ ಮುಟ್ಟದೆ ಬಿಡುವುದರಿಂದ ಪ್ರತಿಯೊಂದು ಬೊಟ್ಟಿನ ಅಡಿಯಲ್ಲಿಯೂ ತುಕ್ಕಿನ ಕುಳಿಯೊಂದು ಸಿದ್ಧವಾಗುತ್ತದೆ. ಪೂಜೆಗೆ ಮುಂಚೆ ಅಲಗಿಗೆ ಎಣ್ಣೆಯ ಕೈ ಆಡಿಸಿ, ಬೊಟ್ಟನ್ನು ಹಿಡಿಗೆ ಇಟ್ಟರೆ ದೇವಿಯು ಅಪ್ರಸನ್ನಳಾಗಲಾರಳು.

ಹರಿತದ ಮಾತಿಗೆ ಬಂದರೆ, ಬೀದಿಯಲ್ಲಿ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬರುವ ಸಾಣೆಯವನ ಕೈಗೆ ಈಳಿಗೆಯನ್ನೂ ಕತ್ತರಿಯನ್ನೂ ಧಾರಾಳವಾಗಿ ಕೊಡಬಹುದು, ಕಸಿಚಾಕುವನ್ನು ಮಾತ್ರ ಕೊಡಲಾಗದು. ಆತನ ಕೌಶಲವನ್ನು ನಾನು ಸಂದೇಹಿಸುವುದಿಲ್ಲ; ದೋಷವಿರುವುದು ಒಣ ಚಕ್ರದಲ್ಲಿ. ಕಿಡಿ ಹಾರಿಸುತ್ತ ತಿರುಗುವ ಕಲ್ಲಿಗೆ ತಾಗಿದ ತೆಳ್ಳನೆಯ ಅಂಚು ಕ್ಷಣಾರ್ಧದಲ್ಲಿ ಕಾಯುತ್ತದೆ. ಹುಲ್ಲಿನ ಹಳದಿ ಬಣ್ಣ ಕಂಡರೆ ಶಾಖ 220 ಡಿಗ್ರಿ ಮುಟ್ಟಿತೆಂದೂ, ನೀಲಿ ಕಂಡರೆ 300ರ ಸಮೀಪಕ್ಕೆ ಹೋಯಿತೆಂದೂ ಕಂಬಾರರು ಬಲ್ಲರು. ನೀಲಿಯಾದ ಅಂಚಿನ ಹದ ಇಳಿದುಹೋಯಿತು, ಅಷ್ಟು ಭಾಗವನ್ನು ಮಸೆದು ಕಳೆಯುವವರೆಗೆ ಅದು ಹರಿತವನ್ನು ಹಿಡಿಯಲಾರದು. ಎರಡು ಬದಿಗೆ ಒರಟು-ನಯ ಎರಡೂ ಇರುವ ಕಾರ್ಬೊರಂಡಮ್ ಕಲ್ಲೊಂದು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಕ್ಕುತ್ತದೆ. ಅದರ ನಯವಾದ ಬದಿಗೆ ನೀರೋ ಎಣ್ಣೆಯೋ ಬಿಟ್ಟು, ಇಳಿಜಾರಿನ ಬದಿಯನ್ನು ಅದರದೇ ಕೋನದಲ್ಲಿ ಕೂರಿಸಿ ಮಸೆಯಬೇಕು. ಇನ್ನೊಂದು ಬದಿಗೆ ಸಣ್ಣ ಮುರು ಎದ್ದುದು ಬೆರಳಿಗೆ ತಿಳಿದ ಕೂಡಲೆ ಸಪಾಟು ಬದಿಯನ್ನು ಕಲ್ಲಿನ ಮೇಲೆ ಪೂರ್ತಿಯಾಗಿ ಮಲಗಿಸಿ ಒಂದೆರಡು ಸಲ ಎಳೆದು ಮುರುವನ್ನು ತೆಗೆಯಬೇಕು. ಸಪಾಟು ಬದಿಯ ಬೆನ್ನನ್ನು ಕೂದಲೆಳೆಯಷ್ಟು ಎತ್ತಿದರೂ ಸಾಕು, ಕಸಿಚಾಕು ಕಾಯಿಪಲ್ಯೆಯ ಚಾಕುವಾಗುವ ದಾರಿ ಹಿಡಿಯಿತು. ನಾನು ಕಂಡ ಕಸಿಚಾಕುಗಳಲ್ಲಿ ಕೆಟ್ಟುಹೋದವುಗಳ ಬಹುಭಾಗ ಕೆಟ್ಟಿದ್ದು ಉಪೇಕ್ಷೆಯಿಂದಲ್ಲ, ಈ ಅತಿಪ್ರೀತಿಯ ಮಸೆತದಿಂದ. ಕಡೆಯ ನಯಕ್ಕೆ ಚರ್ಮ ಬೇಕು. ಹಳೆಯ ಕೊಲ್ಹಾಪುರಿ ಚಪ್ಪಲಿಯ ಅಟ್ಟೆಯ ಒಳಮೈ ಈ ಕೆಲಸಕ್ಕೆ ಬಹಳ ಒಪ್ಪುತ್ತದೆ. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಚಪ್ಪಲಿಯ ತಯಾರಿಕೆಯ ಜಿಲ್ಲೆಗಳಲ್ಲಿ ಧಾರವಾಡವೂ ಸೇರಿದೆಯೆಂಬುದರಿಂದ, ಈ ಶಿಫಾರಸಿನಲ್ಲಿ ಒಂದಿಷ್ಟು ಊರಭಿಮಾನ ಬೆರೆತಿದ್ದರೆ ವಾಚಕರು ಮನ್ನಿಸಬೇಕು.

ಪರದೇಶದ ಚಾಕುಗಳ ಕೀರ್ತಿಯನ್ನು ಎದುರಿಗಿಟ್ಟುಕೊಂಡು ನಮ್ಮದನ್ನು ತೂಗುವುದೂ ವಿಮರ್ಶಕನ ಕರ್ತವ್ಯವೇ. ಶೆಫೀಲ್ಡಿನ ಜೋಸೆಫ್ ರೋಜರ್ಸ್ ಕಂಪನಿಯವರು 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ 75 ಅಲಗುಗಳ ಒಂದು ಚಾಕುವನ್ನು ಮಾಡಿದರು. ಅದು ಕಣ್ಣಿಗೆ ವಿಸ್ಮಯ, ಕೈಗೆ ನಿರುಪಯೋಗಿ. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಲ್ ಎಲ್ಸೆನರ್ 1897ರಲ್ಲಿ ಹಕ್ಕು ಕಾದಿರಿಸಿಕೊಂಡ ಅಧಿಕಾರಿಗಳ ಚಾಕುವಿನ ವಂಶ ಇಂದಿಗೂ ಲೋಕಪ್ರಸಿದ್ಧ. ಒಂದೇ ಸ್ಪ್ರಿಂಗಿನ ಎರಡು ತುದಿಗಳಿಂದ ಎರಡು ಸಲಕರಣೆಗಳನ್ನು ದುಡಿಸಿಕೊಳ್ಳುವ ಅದರ ಮಿತವ್ಯಯ ಪ್ರಶಂಸನೀಯ, ಅದರ ನಡೆ ನಾನು ಮೇಲೆ ಹೇಳಿದ ಲಕ್ಷಣಗಳಿಗೆ ಬಹುಮಟ್ಟಿಗೆ ಸರಿಹೊಂದುತ್ತದೆ. ಅಲಗು ಮಾತ್ರ ಎರಡು ಇಳಿಜಾರಿನದು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಚಾಕುವಿಗೆ ಸ್ಪ್ರಿಂಗೇ ಇಲ್ಲ. ಬೀಚ್ ಮರದ ಹಿಡಿಯ ಬಿಗಿಯೇ ಅಲಗನ್ನು ಹಿಡಿದಿರುತ್ತದೆ, 1955ರಿಂದ ಅದಕ್ಕೊಂದು ತಿರುಗುವ ಲೋಹದ ಉಂಗುರ ಬೀಗವಾಗಿ ಸೇರಿತು. ಸರಳತೆಯಲ್ಲಿ ಅದಕ್ಕೆ ಸಮನಾದುದಿಲ್ಲವಾದರೂ, ತೇವ ಹೀರಿ ಮರ ಉಬ್ಬಿದಾಗ ಅಲಗು ಸಿಕ್ಕಿಕೊಳ್ಳುವುದು ಅದರ ಹುಟ್ಟುಗುಣ. ಧಾರವಾಡದ ಜುಲೈ ತಿಂಗಳಿಗೆ ಅದನ್ನು ಶಿಫಾರಸು ಮಾಡಲಾರೆ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿಗೂ ಸ್ಪ್ರಿಂಗಿಲ್ಲ, ಬೀಗವೂ ಇಲ್ಲ. ಅಲಗಿನ ಬಾಲದಂತಹ ಚಾಚಿನ ಮೇಲೆ ಹೆಬ್ಬೆರಳೊತ್ತಿ ಅದನ್ನು ತೆರೆದು ಹಿಡಿಯಬೇಕು. ಸಡಿಲವಾದರೆ ರಿವೆಟ್ಟಿಗೆ ಸುತ್ತಿಗೆಯ ಒಂದು ಏಟೇ ದುರಸ್ತಿ. ಇದಕ್ಕಿಂತ ನಿರಾಡಂಬರವಾದ ರಚನೆಯನ್ನು ಕಲ್ಪಿಸುವುದು ಕಷ್ಟ.

ಇತ್ತೀಚಿನ ರಸಿಕರು ಕೊಂಡಾಡುವುದು ಇವ್ಯಾವುದನ್ನೂ ಅಲ್ಲ. ಕೀಲಿನ ಎರಡು ಬದಿಗೆ ಸಣ್ಣ ಗುಂಡುಗಳ ಬೇರಿಂಗು ಕೂಡಿಸಿ, ಬೆರಳ ಒಂದು ಮೀಟಿಗೆ ಅಲಗು ಛಂಗನೆ ಹೊರನೆಗೆಯುವಂತೆಯೂ ಬೀಗ ಬಿಟ್ಟರೆ ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುವಂತೆಯೂ ಮಾಡಿರುವ ಚಾಕುಗಳು ಈಗ ಮನೆಬಾಗಿಲಿಗೆ ಅಂಚೆಯಲ್ಲಿ ಬರುತ್ತವೆ. ಯಂತ್ರಶಿಲ್ಪವಾಗಿ ಅವು ಮೆಚ್ಚತಕ್ಕವೇ. ಆದರೆ ಆ ವೇಗದಿಂದ ಆಗುವ ಕಾರ್ಯವೇನು? ಕಡ್ಡಿ ಕೊರೆಯುವವನಿಗೆ ಅಲಗು ಅರ್ಧ ಕ್ಷಣ ಮೊದಲು ಹೊರಬಂದುದರಿಂದ ಲಾಭವಿಲ್ಲ. ಅದು ಪ್ರತಿಸಲವೂ ಒಂದೇ ಪ್ರಮಾಣದ ಬಲಕ್ಕೆ ಹೊರಬರುತ್ತದೆಂಬ ಭರವಸೆ ಅವನಿಗೆ ಬೇಕಾದುದು. ಮೇಲಾಗಿ ಗುಂಡುಗಳ ನಡುವಣ ಸಂದುಗಳು ಎರೆಯ ಧೂಳಿಗೆ ಹೇಳಿ ಮಾಡಿಸಿದ ಮನೆಗಳು. ಹಿತ್ತಾಳೆಯ ತಗಡಿನ ಮೇಲೆ ಉಕ್ಕು ಜಾರುವ ಹಳೆಯ ಕೀಲು ಧೂಳನ್ನು ಉಜ್ಜಿ ಹೊರಗೆ ತಳ್ಳಿಯಾದರೂ ನಡೆಯುತ್ತದೆ, ಬೇರಿಂಗು ಅದನ್ನು ಒಳಗಿಟ್ಟುಕೊಂಡು ಅರೆಯುತ್ತದೆ. ಬಿಡುವಿನಲ್ಲಿ ಕುಳಿತು ತೆರೆದು ಮುಚ್ಚಿ ತೆರೆದು ಮುಚ್ಚಿ ಆನಂದಿಸುವವರಿಗೆ ಅವು ಸರಿ. ಆ ಆನಂದವನ್ನು ನಾನು ಹೀಯಾಳಿಸುವುದಿಲ್ಲ, ಕೆಲಸದ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಡಲಾರೆನಷ್ಟೆ.

ಕಿಸೆಯಲ್ಲಿ ಚಾಕು ಇಟ್ಟವನನ್ನು ಸಂಶಯದಿಂದ ನೋಡುವ ಕಾಲ ಇದಾದುದರಿಂದ ಒಂದು ಮಾತು. 1959ರ ಆಯುಧ ಅಧಿನಿಯಮದ ಕೆಳಗೆ ಬಂದ ನಿಯಮಗಳು ಆಯುಧವೆಂದು ಗಣಿಸುವುದು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು. ಅದರಲ್ಲಿಯೂ ಗೃಹಕೃತ್ಯ, ಕೃಷಿ, ವಿಜ್ಞಾನ, ಉದ್ಯಮಗಳಿಗಾಗಿ ರೂಪಿಸಿದವಕ್ಕೆ ವಿನಾಯಿತಿಯುಂಟು. ಬೆರಳುದ್ದದ ಕಸಿಯಲಗು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ವಿಮಾನ ಹತ್ತುವವರು ಮಾತ್ರ ಅದನ್ನು ಕೈಚೀಲದಲ್ಲಿಡದೆ ಒಪ್ಪಿಸುವ ಪೆಟ್ಟಿಗೆಯಲ್ಲಿಡಬೇಕು.

ಇಷ್ಟು ಹೊಗಳಿದ ಮೇಲೆ, ನಮ್ಮ ಪೇಟೆಯಲ್ಲಿ ಸಿಕ್ಕುವ ದೇಶೀ ಕಸಿಚಾಕುವಿನ ದೋಷಗಳನ್ನೂ ಮುಚ್ಚಿಡದೆ ಹೇಳಬೇಕು. ಉಕ್ಕು ಸಾಮಾನ್ಯವಾಗಿ ಕೆಟ್ಟದ್ದಲ್ಲ. ಆತುರ ಕಾಣುವುದು ಜೋಡಣೆಯಲ್ಲಿ. ಸ್ಪ್ರಿಂಗಿನ ಬೆನ್ನು ತಗಡುಗಳಿಗಿಂತ ಮೇಲೆದ್ದು ಅಂಗೈಗೆ ಚುಚ್ಚುತ್ತದೆ. ಉಗುರು ಸೇರಿಸುವ ಕಚ್ಚನ್ನು ಎಷ್ಟು ಆಳವಿಲ್ಲದೆ ಕೊರೆದಿರುತ್ತಾರೆಂದರೆ ಒದ್ದೆ ಉಗುರು ಅಲ್ಲಿ ನಿಲ್ಲುವುದೇ ಇಲ್ಲ. ತೊಗಟೆ ಎಬ್ಬಿಸುವ ನಾಲಗೆಯನ್ನು ಅಂಚು ದುಂಡಗೆ ಮಾಡದೆ ಹಾಗೆಯೇ ಬಿಟ್ಟಿರುವುದರಿಂದ ಅದು ಎಬ್ಬಿಸುವ ಬದಲು ಹರಿಯುತ್ತದೆ. ಎಲ್ಲಕ್ಕಿಂತ ಅಕ್ಷಮ್ಯವಾದುದು, ಕಸಿಚಾಕುವೆಂದು ಹೆಸರು ಕೆತ್ತಿ ಎರಡು ಬದಿಗೂ ಇಳಿಜಾರು ಮಸೆದು ಮಾರುವುದು. ಜರ್ಮನಿಯ ರಾಯ್ಟ್‌ಲಿಂಗೆನ್ ಊರಿನ ಟೀನಾ ಮನೆತನದವರು 1854ರಿಂದಲೂ ಇದೇ ಕಸಬನ್ನು ಹಿಡಿದು ಬಂದಿದ್ದಾರೆ. ಅವರ ಚಾಕುವಿನ ಕೀಲನ್ನೂ ನಮ್ಮದನ್ನೂ ಅಕ್ಕಪಕ್ಕದಲ್ಲಿಟ್ಟು ತೆರೆದವರಿಗೆ, ಅಂತರವಿರುವುದು ಲೋಹದಲ್ಲಿ ಕಡಮೆ, ಕಟ್ಟಕಡೆಗೆ ಅರ ಹಿಡಿದವನಿಗೆ ಕೊಟ್ಟ ಸಮಯದಲ್ಲಿ ಹೆಚ್ಚು ಎಂಬುದು ತಿಳಿಯುತ್ತದೆ. ಆ ಸಮಯವನ್ನು ನಮ್ಮ ತಯಾರಕರು ಕೊಟ್ಟು ಅದಕ್ಕೆ ತಕ್ಕ ಬೆಲೆ ಕೇಳಿದರೆ ಕೊಡಲು ಬೆಳೆಗಾರರು ಹಿಂಜರಿಯಲಾರರು.

ಹಾಗಿದ್ದರೂ ನನ್ನ ತೀರ್ಪು ಈ ದೇಶೀ ಚಾಕುವಿನ ಪಕ್ಷದಲ್ಲಿಯೇ ಇದೆ. ಅದರ ಬಹುತೇಕ ದೋಷಗಳನ್ನು ಒಂದು ಸಣ್ಣ ಅರ, ಒಂದು ಕಲ್ಲು ಇಟ್ಟುಕೊಂಡು ಮನೆಯಲ್ಲಿಯೇ ಸರಿಪಡಿಸಬಹುದು, ಸರಿಪಡಿಸಿದ ಮೇಲೆ ಅದು ಈ ಮಣ್ಣಿಗೂ ಈ ಮಳೆಗೂ ಬೇರೆ ಯಾವ ಚಾಕುವಿಗಿಂತಲೂ ಚೆನ್ನಾಗಿ ಒಗ್ಗುತ್ತದೆ. ಕೊಳ್ಳುವವರು ಅಂಗಡಿಯವನ ಬೇಸರಕ್ಕೆ ಅಂಜದೆ ಪೆಟ್ಟಿಗೆಯಲ್ಲಿರುವುದನ್ನೆಲ್ಲ ತೆರೆದು ಮುಚ್ಚಿ ನೋಡಿಯೇ ಒಂದನ್ನು ಆರಿಸಿಕೊಳ್ಳಲಿ. ಕಸಿಯ ತರಬೇತಿಯನ್ನು ಏರ್ಪಡಿಸುವವರು ಕಲಿಯುವವರ ಕೈಗೆ ಚಾಕುವಿನ ಜೊತೆಗೆ ಒಂದು ಮಸೆಗಲ್ಲನ್ನೂ ಹೊಲಿಗೆ ಯಂತ್ರದ ಎಣ್ಣೆಯ ಒಂದು ಶೀಸೆಯನ್ನೂ ಕೊಟ್ಟು, ಮೊದಲ ದಿನದ ಮೊದಲ ತಾಸನ್ನು ಅವುಗಳ ಉಪಯೋಗವನ್ನು ಕಲಿಸಲು ಮೀಸಲಿಡಲಿ.